ನಾಲವಾರಕ್ಕೆ ಹೋದ ಕುರ್ಚಿ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಹೊಸ್ತಿಲನ್ನು. ಎಷ್ಟು ಎತ್ತರವಿದೆ, ಮುಂದೆ ಮೆಟ್ಟಿಲಿವೆಯೇ, ಬಾಗಿಲಿನ ಅಗಲ ಸಾಕೇ ಎಂದು ಕಣ್ಣಲ್ಲೇ ಅಳೆದು, ಆಮೇಲೆ ಮನೆಯವರ ಮುಖ ನೋಡುತ್ತೇನೆ. ಇದರಿಂದ ಕೆಲವರು ನನ್ನನ್ನು ವಾಸ್ತು ಬಲ್ಲವನು ಅಂದುಕೊಂಡಿದ್ದಾರೆ. ಮೊನ್ನೆ ನೆಂಟರೊಬ್ಬರು ಹೊಸ ಮನೆಯ ಪ್ರಾರ್ಥನೆಗೆ ಕರೆದಿದ್ದರು. ನಾನು ಬಾಗಿಲಲ್ಲೇ ನಿಂತು ಹೊಸ್ತಿಲನ್ನು ದಿಟ್ಟಿಸುವುದನ್ನು ಕಂಡು ಅವರು ಗಾಬರಿಯಾಗಿ, "ಏನರೆ ದೋಷ ಅದ ಏನ್ರಿ ಮಾಸ್ತರ?" ಎಂದು ಪಿಸುಗುಟ್ಟಿದರು.

"ದೋಷ ಏನಿಲ್ಲರಿ. ಗಾಲಿ ಕುರ್ಚಿ ಒಳಗ ಬರಂಗಿಲ್ಲ ನೋಡ್ರಿ" ಅಂದೆ.

ಹೊಸ ಮನೆಗೆ ಬಂದವನು ಆಡುವ ಮಾತೇ ಅದು? ನನ್ನ ಹೆಂಡತಿ ಸುನಂದಾ ಹಿಂದಿನಿಂದ ಅಂಗಿ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಈ ಚಟ ನನಗೆ ಅಂಟಿದ್ದು ನಿವೃತ್ತಿಯಾದ ಮೇಲೆ. ನನ್ನ ಹೆಸರು ದೇವದಾನ. ಶಹಾಬಾದಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನಾದ್ದರಿಂದ ಊರಿಗೆಲ್ಲ ಬರೀ ಮಾಸ್ತರ. ನಮ್ಮ ಮನೆತನದವರು ನಮ್ಮೂರ ಚರ್ಚಿನ ಹಳೆಯ ಸಭಿಕರು. ಆ ಚರ್ಚಿನ ಗೋಡೆಯೂ ನಮ್ಮೂರ ಕಲ್ಲಿನದೇ, ನೆಲಕ್ಕೆ ಹಾಸಿದ್ದೂ ನಮ್ಮೂರ ಫರಸಿಯೇ. ನಮ್ಮ ಕಡೆಯ ಬೇಸಿಗೆ ಎಂಥದೆಂದು ನಿಮಗೆ ಹೇಳಬೇಕಿಲ್ಲ. ಹೊರಗೆ ಅಂಗಾಲು ಸುಡುವ ಹೊತ್ತಿಗೆ ಒಳಗೆ ಆ ಕಲ್ಲು ತಣ್ಣಗೆ, ಮಡಿಕೆಯ ಹೊಟ್ಟೆಯ ಹಾಗೆ ಇರುತ್ತಿತ್ತು. ಚಿಕ್ಕಂದಿನಲ್ಲಿ ಪಾಸ್ಟರರ ಪ್ರಸಂಗ ಉದ್ದವಾದಾಗ ನಾನು ಬೆಂಚಿನಿಂದ ಮೆಲ್ಲಗೆ ಇಳಿದು ಆ ಕಲ್ಲಿಗೆ ಕೆನ್ನೆ ಒತ್ತಿ ಮಲಗಿಬಿಡುತ್ತಿದ್ದೆ. ಅವ್ವನ ಕಾಲ್ಬೆರಳು ಪಕ್ಕೆಗೆ ತಿವಿದಾಗಲೇ ಎಚ್ಚರ.

ಶನಿವಾರ ಸಂಜೆ ಚರ್ಚು ಒರೆಸುವ ಪಾಳಿ ಅವ್ವನದು. ನನ್ನನ್ನೂ ಬಿಡದೆ ಕರೆದುಕೊಂಡು ಹೋಗುತ್ತಿದ್ದಳು. ಅವಳು ಒಂದು ತುದಿಯಿಂದ ಒರೆಸುತ್ತ ಬಂದರೆ ನಾನು ಇನ್ನೊಂದು ತುದಿಯಿಂದ ಓಡಿ ಬಂದು ಒದ್ದೆ ಕಲ್ಲಿನ ಮೇಲೆ ಸರ್ರನೆ ಜಾರುತ್ತಿದ್ದೆ. ದೇವರ ಸೇವೆ ಅಂದರೆ ಜಾರುವುದು ಎಂದೇ ಬಹಳ ದಿನ ನನ್ನ ತಿಳುವಳಿಕೆ. ದೊಡ್ಡವನಾದ ಮೇಲೂ ಅದನ್ನೇ ಮುಂದುವರಿಸಿದೆ. ಸೇವೆಯ ಮಾತು ಬಂದಾಗಲೆಲ್ಲ ಜಾರಿಕೊಂಡೆ. ಬಡವರಿಗೆ ಅನ್ನ ಬಡಿಸುವ ದಿನ ನನಗೆ ಪರೀಕ್ಷೆಯ ಪೇಪರು ತಿದ್ದುವುದಿರುತ್ತಿತ್ತು. ಆಸ್ಪತ್ರೆಗೆ ಹಣ್ಣು ಹಂಚಲು ಹೋಗುವ ದಿನ ನೆಗಡಿ. ಸಭೆಗೆ ನನ್ನಿಂದ ಆದ ಒಂದೇ ಉಪಕಾರವೆಂದರೆ ನೋಟೀಸ್ ಬೋರ್ಡಿನ ಮೇಲೆ 'ಪ್ರಾರ್ತನೆ' ಎಂದಿದ್ದುದನ್ನು 'ಪ್ರಾರ್ಥನೆ' ಎಂದು ತಿದ್ದಿದ್ದು. ಆ ತಪ್ಪು ಬರೆದಿದ್ದವಳು ಸುನಂದಾ. ಅವಳು ಇನ್ನೂ ಮರೆತಿಲ್ಲ.

ಹೀಗಿರುವಾಗ ಒಂದು ಭಾನುವಾರ, ಆರಾಧನೆ ಮುಗಿದ ಮೇಲೆ ನಮ್ಮ ಪಾಸ್ಟರ್ ಅಯ್ಯನವರು ಒಂದು ಗಾಲಿ ಕುರ್ಚಿಯನ್ನು ತಳ್ಳಿಕೊಂಡು ಮುಂದೆ ಬಂದರು. ತೀರಿಹೋದ ಸಭಿಕರೊಬ್ಬರ ಮನೆಯವರು ಅದನ್ನು ಚರ್ಚಿಗೆ ಕೊಟ್ಟಿದ್ದರಂತೆ. ಯಾವ ಜಾತಿ ಯಾವ ಧರ್ಮ ಎಂದು ಕೇಳದೆ, ಬೇಕಾದವರಿಗೆ ಬೇಕಾದಷ್ಟು ದಿನ ಕೊಟ್ಟು ವಾಪಸ್ ತರುವುದೆಂದು ಸೇವಾ ತಂಡ ತೀರ್ಮಾನಿಸಿತ್ತು. "ಒಯ್ದು ಕೊಡೋದು, ತಿರುಗಿ ತರೋದು, ಈ ಕೆಲಸ ಯಾರು ತಗೋತೀರಿ?" ಎಂದು ಅಯ್ಯನವರು ಕೇಳಿದರು. ಅವರು ಬೀದರ್ ಕಡೆಯವರು, ಇನ್ನೂ ಹುಡುಗರು, ಯಾರನ್ನೂ ಒತ್ತಾಯಿಸುವ ಧೈರ್ಯ ಅವರಿಗಿಲ್ಲ. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡತೊಡಗಿದರು. ನಾನೂ ನೋಡಿದೆ. ಆಗ ಹೆಂಗಸರ ಕಡೆಯಿಂದ ಸುನಂದಾಳ ದನಿ ಬಂತು.

"ನಮ್ಮ ಮನಿಯವರು ಖಾಲಿ ಅದಾರ್ರಿ."

ಸಭೆಯೆಲ್ಲ ನಕ್ಕಿತು. ಅಯ್ಯನವರು ಅಷ್ಟಕ್ಕೇ ದೇವರಿಗೆ ಸ್ತೋತ್ರ ಸಲ್ಲಿಸಿಬಿಟ್ಟರು. ಇನ್ನು ಜಾರುವುದೆಲ್ಲಿ?

ಕೆಲಸ ಸಿಹಿಯಾಗಿಯೇ ಶುರುವಾಯಿತು. ಕುರ್ಚಿ ಒಯ್ದು ಕೊಟ್ಟ ಮನೆಯಲ್ಲಿ ಚಹಾ, ಚೂಡಾ, ಬಾಯಿತುಂಬ ಹರಕೆ. ವಾಪಸ್ ಕೇಳಲು ಹೋದ ದಿನವೇ ಅದರ ಕಹಿ ತಿಳಿದದ್ದು. ಕೊಡುವಾಗ ದೇವದೂತನಾಗಿದ್ದವನು ಕೇಳುವಾಗ ಜಪ್ತಿಗೆ ಬಂದ ಕೋರ್ಟಿನ ಅಮೀನನಾಗುತ್ತಿದ್ದೆ. ಚಿತ್ತಾಪುರದ ಮನೆಯೊಂದರಲ್ಲಿ ಕುರ್ಚಿಯ ಮೇಲೆ ಹಪ್ಪಳ ಒಣಗಿಸಿದ್ದರು. ಅವು ಒಣಗುವ ತನಕ ನನ್ನನ್ನು ಕೂಡಿಸಿಕೊಂಡರು. ವಾಡಿಯಲ್ಲಿ ಒಂದು ಬೆಕ್ಕು ಅದರಲ್ಲಿ ಮರಿ ಹಾಕಿತ್ತು. ಮರಿಗಳು ಕಣ್ಣು ಬಿಟ್ಟ ಮೇಲೆ ಬರ್ರಿ ಅಂದರು. ಇವೆಲ್ಲ ಸಣ್ಣ ಸಂಕಟಗಳು. ದೊಡ್ಡದು ನಾಲವಾರದಲ್ಲಿತ್ತು.

ನಾಲವಾರದ ಭೀಮಬಾಯಿಯ ಮಗ ನಮ್ಮೂರ ಕಲ್ಲಿನ ಪಾಲಿಶ್ ಅಂಗಳದಲ್ಲಿ ಕೆಲಸಕ್ಕೆ ಬರುತ್ತಾನೆ. ತಾಯಿ ಮನೆಯಂಗಳದಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಾಗ ಅವನು ಚರ್ಚಿಗೆ ಬಂದು ಕೇಳಿದ. ನಾನು ಕುರ್ಚಿಯನ್ನು ಪ್ಯಾಸೆಂಜರ್ ಗಾಡಿಯಲ್ಲಿ ಹೊತ್ತುಕೊಂಡು ಹೋಗಿ ಕೊಟ್ಟು ಬಂದೆ. ಭೀಮಬಾಯಿ ಎಂದರೆ ಎಪ್ಪತ್ತು ದಾಟಿದ, ಕಡ್ಡಿಯಂಥ, ಕಣ್ಣು ಮಾತ್ರ ಚುರುಕಾದ ಮುದುಕಿ. ಅವತ್ತು ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಕುಳಿತಿದ್ದಳು. ಪಾಪ ಅನ್ನಿಸಿತು. ಆ 'ಪಾಪ'ವನ್ನು ನಾನು ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಮಳೆಗಾಲ ಕಳೆಯಿತು. ತೊಗರಿ ಹೂ ಬಿಡುವ ಹೊತ್ತಿಗೆ ಭೀಮಬಾಯಿ ನಡೆದಾಡುತ್ತಿದ್ದಾಳೆಂದು ಸುದ್ದಿ ಬಂತು, ಕುರ್ಚಿ ಬರಲಿಲ್ಲ. ಅದೇ ಸಮಯಕ್ಕೆ ಚರ್ಚಿನಲ್ಲೇ ಕುರ್ಚಿಯ ಅಗತ್ಯ ಬಿತ್ತು. ನಮ್ಮ ಸಭೆಯ ಶಾಂತಪ್ಪನ ಮಗಳು ಆಶಾಳ ಮದುವೆ ಗೊತ್ತಾಗಿತ್ತು. ಶಾಂತಪ್ಪ ಕಲ್ಲು ಕೊರೆಯುವ ಮಷೀನಿನ ಮೇಲೆ ದುಡಿದವನು. ಆ ಮಷೀನಿನ ಸದ್ದನ್ನೂ ಮೀರಿಸುವ ದನಿ ಅವನದು. ಭಾನುವಾರ ಅವನು ಕೀರ್ತನೆ ಎತ್ತಿದರೆ ರಸ್ತೆಯಲ್ಲಿ ಹೋಗುವವರೂ ತಿರುಗಿ ನೋಡುತ್ತಿದ್ದರು. ಅವನಿಗೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಗಿ, ಮಾತು ತೊದಲುತ್ತಿತ್ತು. ಅಂದಿನಿಂದ ಅವನು ಮನೆಯಿಂದ ಹೊರಗೆ ಬಂದದ್ದಿಲ್ಲ. ಮಗಳ ಮದುವೆಗೂ ಬರುವುದಿಲ್ಲ ಅಂದಿದ್ದ. ಮಗಳು ಕಲಬುರಗಿಯಲ್ಲಿ ನರ್ಸು, ಅಪ್ಪನಷ್ಟೇ ಹಟದವಳು. "ನಮ್ಮಪ್ಪ ಸಂಗಟ ಇಲ್ದ ನಾ ಚರ್ಚಿನ ಒಳಗ ಕಾಲಿಡಂಗಿಲ್ಲ" ಅಂದಳು. ನಡುವೆ ಸಿಕ್ಕ ತಾಯಿ ರತ್ನಮ್ಮ ಸುನಂದಾಳ ಮುಂದೆ ಅತ್ತಳು. ಸುನಂದಾ ನನ್ನ ಕಡೆ ನೋಡಿದಳು. ನಾನು ಗಾಡಿ ಹತ್ತಿದೆ.

ನಾಲವಾರದಲ್ಲಿ ಭೀಮಬಾಯಿ ಬಾಗಿಲ ಮುಂದೆ ಕುರ್ಚಿಯಲ್ಲಿ ಕುಳಿತಿದ್ದಳು. ಕುರ್ಚಿಯ ಬೆನ್ನಿಗೆ ಹೂವಿನ ಟವೆಲು ಹೊದಿಸಿತ್ತು. ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಪುಂಡಿಪಲ್ಯ ಸೋಸುತ್ತ ಅವಳ ಮಾತು ಕೇಳುತ್ತಿದ್ದರು. ಸೈಕಲ್ಲಿನವನೊಬ್ಬ ಒಂದು ಕಾಲು ಊರಿ ನಿಂತು ಆರೋಗ್ಯ ವಿಚಾರಿಸುತ್ತಿದ್ದ. ಮುಖದ ಮೇಲಿನ ಸೆರಗು ಎಂದೋ ಹೆಗಲಿಗೆ ಹೋಗಿತ್ತು.

"ಬರ್ರಿ ಮಾಸ್ತರ, ಕುಂದ್ರಿ" ಅಂದಳು. ಕೂರಲು ಇದ್ದದ್ದು ಕಟ್ಟೆಯ ತುದಿ. ಕುಳಿತೆ.

"ಯವ್ವಾ, ಈಗ ನಡೀಲಿಕ್ಕ ಬರ್ತದಂತ ಕೇಳೀನಿ?"

"ಯಾರ್ ಹೇಳ್ಯಾರ?"

ಒಳಗಿಂದ ಸೊಸೆಯ ದನಿ ಬಂತು. "ಮುಂಜಾನಿ ಹೊಲದ ತನಕ ಹೋಗಿ ಬಂದಾರ್ರಿ."

ಭೀಮಬಾಯಿ ಬಾಗಿಲ ಕಡೆ ಒಂದು ಸಲ ನೋಡಿ, ತಪ್ಪಿಸಿಕೊಳ್ಳುವುದು ಸಾಧ್ಯವಿಲ್ಲವೆಂದು ತಿಳಿದು, ಸೀದಾ ಮಾತಿಗೆ ಬಂದಳು. "ನಡೀತೀನಿ ಖರೇ. ನಡ್ಯಾಕಿಗಿ ಯಾರ್ ಮಾತಾಡಸ್ತಾರ್ರಿ? ಮೊದಲ ಇದೇ ಕಟ್ಟಿ ಮ್ಯಾಲ ಕುಂಡ್ರತಿದ್ದೆ. ಕಲ್ಲಿಗೂ ನಂಗೂ ಫರಕ್ ಇದ್ದಿಲ್ಲ. ಮಂದಿ ಹಂಗೇ ಹೋಗ್ತಿದ್ರು. ಈ ಕುರ್ಚಿ ಮ್ಯಾಲ ಕುಂತ ಮ್ಯಾಲ ನೋಡ್ರಿ, ಟಪಾಲಿನವ ನಿಂದರ್ತಾನ, ಸಾಲಿ ಹುಡುಗ್ರು ದಬ್ಬಿಕೊಂಡು ಠೇಸನ್ ತನ ಒಯ್ದು ಗಾಡಿ ತೋರಸ್ತಾವ. ಮಾತು ಬಿಟ್ಟಿದ್ದ ಬೀಗರು ಸೈತ ಬಂದು ಹೋದ್ರು. ಇದನ್ನ ಕೊಟ್ರ ನಾ ಮತ್ತ ಕಲ್ಲು ಆಗ್ತೀನಿ."

ಮೂವತ್ತು ವರ್ಷ ಮಾತಿನಿಂದಲೇ ಹೊಟ್ಟೆ ಹೊರೆದವನು ನಾನು. ಚಹಾ ಕುಡಿದು ಬರಿಗೈಯಲ್ಲಿ ಬಂದೆ.

"ಕುರ್ಚಿ ಎಲ್ಲಿ?" ಎಂದಳು ಸುನಂದಾ.

"ನಾಲವಾರದಾಗ."

"ನೀವ್ ಹೋಗಿದ್ದು?"

"ನಾಲವಾರಕ್ಕ."

ಈ ಮಾತುಕತೆ ಭಾನುವಾರದ ಹೊತ್ತಿಗೆ ಚರ್ಚಿನ ಎಲ್ಲ ಬೆಂಚುಗಳಿಗೂ ತಲುಪಿತ್ತು. ಇಂದಿಗೂ ನಮ್ಮ ಸಭೆಯಲ್ಲಿ ಕೊಟ್ಟ ಪಾತ್ರೆ, ಕೊಡೆ, ಪುಸ್ತಕ ಏನೇ ವಾಪಸ್ ಬರದಿದ್ದರೂ "ನಾಲವಾರಕ್ಕ ಹೋಗ್ಯಾದ" ಅನ್ನುತ್ತಾರೆ.

ಮದುವೆ ಹತ್ತಿರ ಬಂತು. ಬೇರೆ ಕಡೆ ಕುರ್ಚಿ ಕೇಳಿದೆವು, ಸಿಗಲಿಲ್ಲ. ಮತ್ತೆ ನಾಲವಾರಕ್ಕೆ ಹೋದೆ. ಈ ಸಲ ಸುತ್ತುಬಳಸು ಬಿಟ್ಟು ಶಾಂತಪ್ಪನ ವಿಷಯ ಎಲ್ಲ ಹೇಳಿದೆ: ಅವನ ದನಿ, ಬಿದ್ದ ಕೈ, ಮಗಳ ಹಟ. ಭೀಮಬಾಯಿ ತಲೆ ಓರೆ ಮಾಡಿಕೊಂಡು ಕೇಳಿದಳು.

"ತಂದು ಕೊಟ್ರ ಅಂವ ಕೂಡ್ತಾನೇನು?"

ಸುಳ್ಳು ಹೇಳಲಾಗಲಿಲ್ಲ. "ಗೊತ್ತಿಲ್ಲ ಯವ್ವಾ. ಬ್ಯಾಡ ಅನ್ಲಿಕತ್ತಾನ."

"ಚಲೋ ಆಯ್ತು. ಬ್ಯಾಡ ಅನ್ನಾಂವನ ಸಲುವಾಗಿ ಬೇಕು ಅನ್ನಾಕಿ ಕಡಿಂದ ಕಸ್ಕೊಳ್ಳಾಕ ಬಂದೀರಿ. ನೀವ್ ಹುಡುಗ್ರಿಗಿ ಏನ್ ಕಲಿಸ್ತಿದ್ರಿ?"

"ಕನ್ನಡರಿ."

"ಲೆಕ್ಕ ಅಲ್ಲ, ಅಷ್ಟು ಚಲೋ" ಅಂದಳು. ಕುರ್ಚಿಯ ಕೈಯನ್ನು ಒಂದು ಸಲ ಸವರಿದಳು. ಆಮೇಲೆ ಎದ್ದು ನಿಂತು ಸೊಸೆಗೆ ಕೂಗಿದಳು. "ನನ್ನ ಧಡಿ ಸೀರಿ ತಗೀ. ಶಹಾಬಾದಿಗಿ ಹೊಂಟೀನಿ. ನನ್ನ ಕುರ್ಚಿ ಎಂಥವನ ಮನಿಗಿ ಹೋಗ್ತದ ನಾ ನೋಡಬ್ಯಾಡೇನು?"

ಸ್ಟೇಷನ್ನಿನ ತನಕ ಅವಳು ಕುರ್ಚಿಯಲ್ಲೇ ಬಂದಳು, ತಳ್ಳಿದವನು ನಾನು. ದಾರಿಯುದ್ದಕ್ಕೂ ಬಾಗಿಲು ಬಾಗಿಲಿಗೆ ಹೇಳಿಹೋಗುವ ಕಾರ್ಯಕ್ರಮವಿತ್ತು. ಗಾಡಿಯಲ್ಲಿ ಜನ ಕಿಕ್ಕಿರಿದಿದ್ದರು. ಮಡಚಿದ ಕುರ್ಚಿ ನೋಡಿ ಒಬ್ಬರು, "ಯಾರಿಗಿ ಆರಾಮಿಲ್ಲರಿ?" ಎಂದು ಕೇಳಿದರು. ಭೀಮಬಾಯಿ ಗಂಭೀರವಾಗಿ ನನ್ನ ಕಡೆ ಬೆರಳು ತೋರಿಸಿದಳು. ತಕ್ಷಣ ನನಗೊಂದು ಸೀಟು ಸಿಕ್ಕಿತು. ಎದುರಿನ ಹೆಂಗಸು, "ಮುಖದಾಗ ಕಳಿನೇ ಇಲ್ಲ, ಪಾಪ" ಅಂದಳು. ವಾಡಿಯಲ್ಲಿ ಸೀಟು ಖಾಲಿಯಾಗಿ ಭೀಮಬಾಯಿಗೂ ಜಾಗ ಸಿಗುವವರೆಗೆ ನಾನು ರೋಗಿಯಾಗಿಯೇ ಕುಳಿತಿದ್ದೆ. ಆ ಹೆಂಗಸು ಕೊಟ್ಟ ಮೋಸಂಬಿಯನ್ನೂ ತಿಂದೆ.

ಶಾಂತಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನಾನು ದಾರಿಯಲ್ಲಿ ಒಂದು ಒಳ್ಳೆಯ ಭಾಷಣವನ್ನೇ ಸಿದ್ಧಮಾಡಿಕೊಂಡಿದ್ದೆ. ಸತ್ಯವೇದದ ವಚನವೊಂದು, ಮೇಲೊಂದು ದೃಷ್ಟಾಂತ. ಬಾಯಿ ತೆರೆಯುವುದರೊಳಗೆ ಭೀಮಬಾಯಿ ಹೋಗಿ ಅವನ ಮಂಚದ ತುದಿಗೆ ಕುಳಿತುಬಿಟ್ಟಳು, ಹುಟ್ಟಿದಾಗಿನಿಂದ ಕಂಡವಳ ಹಾಗೆ.

"ತಮ್ಮಾ, ನಾ ನಾಲವಾರದಾಕಿ. ಈ ಕುರ್ಚಿ ನಂದು."

ಶಾಂತಪ್ಪ ತಿರುಗಲಿಲ್ಲ.

"ನಾಚಿಕಿ ಬರ್ತದೇನು?"

ಗೋಡೆಯ ಕಡೆಯಿಂದಲೇ ತೊದಲು ಮಾತು ಬಂತು. "ಮಂದಿ... ನೋಡ್ತಾರ."

"ನೋಡ್ಲಿ ಅಂತನೇ ಮದಿವಿ ಮಾಡೂದು. ಮಗಳನ್ನ ನೋಡಾಕ ಬಂದವರು ಜರಾ ನಿನ್ನೂ ನೋಡ್ತಾರ. ನೀ ಏನ್ ಸವೀತಿ? ನಾನೂ ಮೊದಲ ಮಾರಿ ಮ್ಯಾಲ ಸೆರಗು ಎಳಕೊಂಡು ಕುಂತಿದ್ದೆ. ಕೇಳು ಬೇಕಾದ್ರ ಈ ಮಾಸ್ತರಿಗಿ. ಆಮ್ಯಾಲ ಸೆರಗಿನ ಒಳಗಿಂದ ಏನೂ ಕಾಣಂಗಿಲ್ಲಂತ ತಗದೆ. ನೀ ಗ್ವಾಡಿ ಕಡಿ ಮಾರಿ ಮಾಡಿ ಮಲಗಿದ್ರ ನಿಂಗ ಗ್ವಾಡಿ ಕಾಣ್ತದ. ಮಗಳು ಸೀರಿ ಉಟ್ಟು ನಿಂತಿದ್ದು ಕಾಣ್ತದೇನು?"

ಬಾಗಿಲಲ್ಲಿ ನಿಂತಿದ್ದ ಆಶಾ ಮುಖ ತಿರುಗಿಸಿಕೊಂಡಳು. ರತ್ನಮ್ಮ ಒಳಗೆ ಹೋದಳು. ಭೀಮಬಾಯಿ ಮಾತ್ರ ಏನೂ ಆಗದವಳಂತೆ ಸೊಂಟದ ಚೀಲದಿಂದ ಎಲೆ ತೆಗೆದು ಸುಣ್ಣ ಹಚ್ಚುತ್ತ ಕುಳಿತಳು. ಅವಳು ಎಲೆ ಮಡಚಿ ಬಾಯಿಗೆ ಹಾಕಿಕೊಂಡ ಮೇಲೆ ಶಾಂತಪ್ಪ ಮೆಲ್ಲಗೆ, ಬಲಗೈ ಊರಿ ಈ ಕಡೆ ಹೊರಳಿದ. ಕುರ್ಚಿಯನ್ನು ಮೇಲಿಂದ ಕೆಳಗೆ ನೋಡಿದ. ಮಷೀನಿನ ಜೊತೆ ಬದುಕಿದವನಲ್ಲವೇ, ಅವನು ಕೇಳಿದ್ದು ಒಂದೇ ಮಾತು.

"ಬ್ರೇಕ್... ಎಲ್ಲಿ ಅದ?"

ಮದುವೆಯ ದಿನ ಅವನ ಜೊತೆ ಕಲ್ಲಿನ ಅಂಗಳದಲ್ಲಿ ದುಡಿದ ಹಳೆಯ ಗೆಳೆಯರು ಒಂದು ದೊಡ್ಡ ಫರಸಿ ಕಲ್ಲು ತಂದು ಚರ್ಚಿನ ಮೆಟ್ಟಿಲಿಗೆ ಓರೆಯಾಗಿ ಒರಗಿಸಿದರು. ಕುರ್ಚಿ ತಳ್ಳುವ ಜವಾಬ್ದಾರಿ ನನ್ನದೆಂದು ಗೊತ್ತಾಗಿತ್ತು. ಅದಕ್ಕಾಗಿ ನಾನು ಸುನಂದಾ ಬೇಡವೆಂದರೂ ಕೇಳದೆ ಹಳೆಯ ಕೋಟು ಹಾಕಿಕೊಂಡಿದ್ದೆ. ಹೊಟ್ಟೆಯ ಮೇಲೆ ಅದರ ಗುಂಡಿ ಹಾಕಲು ಬರುತ್ತಿರಲಿಲ್ಲ. ಬಾಗಿಲ ಹತ್ತಿರ ಬಂದಾಗ ಆಶಾ ನಿಂತಳು. ಕೈಯಲ್ಲಿದ್ದ ಹೂಗುಚ್ಛವನ್ನು ಅಪ್ಪನ ತೊಡೆಯ ಮೇಲಿಟ್ಟಳು. "ಸರೀರಿ ಮಾಸ್ತರ, ನಾ ದಬ್ತೀನಿ" ಅಂದಳು. ಬಿಳಿ ಸೀರೆಯ ಮದುಮಗಳು ಅಪ್ಪನನ್ನು ತಾನೇ ತಳ್ಳಿಕೊಂಡು ಒಳಗೆ ಹೋದಳು. ಕೋಟು ಹಾಕಿಕೊಂಡ ನಾನು ಹಿಂದೆ ಹಿಂದೆ ಹೋದೆ, ಯಾಕೆಂದು ಯಾರಿಗೂ ತಿಳಿಯಲಿಲ್ಲ.

ಮದುವೆಗೂ ಬಂದಿದ್ದ ಭೀಮಬಾಯಿ ಧಡಿ ಸೀರೆಯುಟ್ಟು ಮುಂದಿನ ಬೆಂಚಿನಲ್ಲಿ, ಬೀಗರಿಗಿಂತ ಮುಂದೆ ಕುಳಿತಿದ್ದಳು. ಎಲ್ಲರೂ ಎದ್ದಾಗ ಏಳುತ್ತ, ಎಲ್ಲರೂ ಕೂತಾಗ ಒಂದು ಗಳಿಗೆ ತಡವಾಗಿ ಕೂರುತ್ತ ಇದ್ದಳು. ಕೀರ್ತನೆ ಶುರುವಾಯಿತು. ಮೊದಲ ಚರಣ ಮುಗಿದು ಎರಡನೆಯದರ ನಡುವೆ ಒಂದು ಒಡಕು ದನಿ ಸೇರಿಕೊಂಡಿತು. ಶಾಂತಪ್ಪ ಹಾಡುತ್ತಿದ್ದ. ಪದಗಳು ಎಡವುತ್ತಿದ್ದವು, ಎಲ್ಲರಿಗಿಂತ ಅರ್ಧ ಸಾಲು ಹಿಂದೆ ಬೀಳುತ್ತಿದ್ದ. ಹಾರ್ಮೋನಿಯಂ ನುಡಿಸುವಾತ ತಲೆ ಎತ್ತಿ ನೋಡಿ, ಲಯ ನಿಧಾನ ಮಾಡಿದ. ಸಭೆಯೂ ನಿಧಾನವಾಯಿತು. ಅವನು ಬಂದು ಸೇರುವ ತನಕ ಪ್ರತಿ ಸಾಲಿನ ಕೊನೆಯಲ್ಲಿ ಎಲ್ಲರೂ ಕಾದರು. ಅಷ್ಟು ಉದ್ದದ ಕೀರ್ತನೆಯನ್ನು ನಾವು ಮುಂಚೆ ಎಂದೂ ಹಾಡಿರಲಿಲ್ಲ. ಯಾರೂ ಗಡಿಯಾರ ನೋಡಲಿಲ್ಲ. ಅಡುಗೆಯವರು ಮಾತ್ರ ಹಿಂದಿನ ಬಾಗಿಲಲ್ಲಿ ಬಂದು ಇಣುಕಿದರು.

ಊಟವಾದ ಮೇಲೆ ಭೀಮಬಾಯಿಯನ್ನು ಗಾಡಿ ಹತ್ತಿಸಲು ಹೋದೆ. ಪ್ಲಾಟ್‌ಫಾರ್ಮಿನಲ್ಲಿ ನಿಧಾನವಾಗಿ, ತನ್ನ ಕಾಲ ಮೇಲೆಯೇ ನಡೆದಳು. ಕುರ್ಚಿಯ ಮಾತು ಎತ್ತಲಿಲ್ಲ. ನನಗೇ ತಡೆಯಲಾಗದೆ, "ಮನ್ಯಾಗ ಇನ್ನ ಎಲ್ಲಿ ಕುಂಡ್ರತಿ ಯವ್ವಾ?" ಎಂದು ಕೇಳಿದೆ. "ನೋಡೋಣು" ಅಂದಳು. ಆ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು.

ಕಾಡಿದ್ದು ತಾಳಲಾರದೆ, ರತ್ನಮ್ಮ ಕೊಟ್ಟ ಸೀರೆಯನ್ನು ತಲುಪಿಸುವ ನೆಪದಲ್ಲಿ ನಾಲವಾರಕ್ಕೆ ಹೋದೆ. ಕಟ್ಟೆ ಖಾಲಿಯಾಗಿತ್ತು. ಸೊಸೆ ಹೊರಗೆ ಬಂದು, "ಚರ್ಚಿನ ಕೆಲಸಕ್ಕ ಹೋಗ್ಯಾರ್ರಿ" ಅಂದಳು.

"ಯಾವ ಚರ್ಚು?"

"ನಿಮ್ದೇರಿ. ಮತ್ಯಾವುದು?"

ಭೀಮಬಾಯಿ ಹಿಂದಿನ ಓಣಿಯಿಂದ ಬಂದಳು. ಅಲ್ಲೊಬ್ಬ ಗೃಹಸ್ಥ ಸಕ್ಕರೆ ರೋಗದಿಂದ ಕಾಲು ತೆಗೆಸಿಕೊಂಡು ಬಂದು ಕತ್ತಲ ಕೋಣೆ ಸೇರಿದ್ದನಂತೆ. ದಿನಾ ಹೋಗಿ ಅವನ ಜೊತೆ ಜಗಳವಾಡಿ ಬರುತ್ತಿದ್ದಳು. ಕಾಳಗಿಯಲ್ಲಿ ಅವಳ ಮಗಳ ಓರಗಿತ್ತಿ ಬೇರೆ ನಡ ಹಿಡಿದು ಮಲಗಿದ್ದಳಂತೆ.

"ಇಬ್ಬರಿಗೂ ಹೇಳಿಬಿಟ್ಟೀನಿ ಮಾಸ್ತರ. ಚರ್ಚಿನಾಗ ಕುರ್ಚಿ ಭಾಳ ಅದಾವ, ನಮ್ಮ ಮಾಸ್ತರ ತಂದು ಕೊಡ್ತಾರ ಅಂತ."

"ಯವ್ವಾ, ಇದ್ದದ್ದೇ ಒಂದು. ಅದು ಶಾಂತಪ್ಪನ ಕಡಿ ಅದ."

"ಒಂದೇ ಅಂತ ನೀವ್ ಯಾವಾಗ ಹೇಳೀರಿ?"

ಖರೇ, ನಾನು ಹೇಳಿರಲಿಲ್ಲ.

ಮುಂದಿನ ಭಾನುವಾರ ಪ್ರಕಟಣೆಯ ಹೊತ್ತಿಗೆ ಪಾಸ್ಟರ್ ಅಯ್ಯನವರು ಹಣೆ ಒರೆಸಿಕೊಂಡರು. ಕಾಳಗಿಯಿಂದ ಯಾರೋ ಫೋನು ಮಾಡಿ ಕುರ್ಚಿ ಯಾವಾಗ ಬರುತ್ತದೆ ಎಂದು ಕೇಳಿದರಂತೆ. "ನಮ್ಮ ಹತ್ತಿರ ಇನ್ನೂ ಕುರ್ಚಿ ಅದಾವ ಅಂತ ಅವರಿಗೆ ಯಾರು ಹೇಳಿದ್ರೋ ಗೊತ್ತಿಲ್ಲ" ಅಂದರು. ಸಭೆಯಲ್ಲಿ ಗುಸುಗುಸು ಎದ್ದಿತು. ನಾಲವಾರದ ಮುದುಕಿಯದೇ ಈ ಕೆಲಸ ಎಂದು ಯಾರೋ ಅಂದರು. ನಾನು ಚಪ್ಪಲಿ ನೋಡುತ್ತ ಕುಳಿತವನು, ಯಾಕೋ ಎದ್ದು ನಿಂತೆ.

"ನಾ ಹೇಳೀನ್ರಿ ಅಯ್ಯನವರೇ. ಎರಡು ಕುರ್ಚಿ ತಂದು ಕೊಡ್ತೀನಿ ಅಂತ ನಾನೇ ಹೇಳೀನಿ."

ಚರ್ಚಿನಲ್ಲಿ ನಿಂತು ಸುಳ್ಳು ಹೇಳಿದ್ದೆ. ನನ್ನ ಸುಳ್ಳುಗಳನ್ನೆಲ್ಲ ಇಷ್ಟು ವರ್ಷ ಹತ್ತಿರದಿಂದ ಕೇಳಿದ ಸುನಂದಾ ಹೆಂಗಸರ ಕಡೆಯಿಂದ ನನ್ನನ್ನೇ ನೋಡುತ್ತಿದ್ದಳು. ಏನಾದರೂ ಅಂದಾಳೆಂದು ಕಾದೆ. ಅವಳು ಎದ್ದು, "ಸುಗ್ಗಿ ಹಬ್ಬ ಬಂತಲ್ಲರಿ. ಈ ಸಲದ ಹರಾಜು ಕುರ್ಚಿಗೇ ಇರ್ಲಿ" ಅಂದಳು. ನಮ್ಮ ಸುಗ್ಗಿ ಹಬ್ಬದಲ್ಲಿ ಸಭಿಕರು ಬೆಳೆದದ್ದು, ಸಾಕಿದ್ದು ತಂದು ಚರ್ಚಿನ ಮುಂದೆ ಹರಾಜು ಹಾಕುತ್ತಾರೆ. ಆ ವರ್ಷ ಒಂದು ಕುಂಬಳಕಾಯಿಯನ್ನು ಕೊಂಡವರು ಮತ್ತೆ ಮತ್ತೆ ಹರಾಜಿಗೇ ಹಿಂತಿರುಗಿಸಿ, ಅದು ಯಾರ ಮನೆಗೂ ಹೋಗದೆ ಸಂಜೆಯವರೆಗೆ ಚರ್ಚಿನ ಅಂಗಳದಲ್ಲೇ ಕೈಯಿಂದ ಕೈಗೆ ಓಡಾಡಿತು. ಆ ಹರಾಜಿನ ಹಣದಲ್ಲಿ ಎರಡು ಕುರ್ಚಿ ಬಂದವು.

ಒಂದನ್ನು ನಾಲವಾರದ ಹಿಂದಿನ ಓಣಿಗೆ ಕೊಟ್ಟೆವು. ಇನ್ನೊಂದನ್ನು ಕಾಳಗಿಗೆ ಒಯ್ಯುವಾಗ ಭೀಮಬಾಯಿಯೂ ಹೊರಟಳು. ಬಸ್ಸಿನಲ್ಲಿ ಅವಳಿಗೆ ಸೀಟು ಸಿಕ್ಕಿತು. ನಾನು ಕುರ್ಚಿ ಹಿಡಿದು ನಿಂತೇ ಹೋದೆ. ಆ ಮನೆಯಲ್ಲಿ ನಡ ಹಿಡಿದ ಹೆಂಗಸು ಮುಖದ ಮೇಲೆ ಸೆರಗು ಎಳೆದುಕೊಂಡಿದ್ದಳು. ಭೀಮಬಾಯಿ ಹತ್ತಿರ ಹೋಗಿ ಕುಳಿತಳು. ಮನೆಯ ಹಿರಿಯರು ನನ್ನನ್ನು ತೋರಿಸಿ, ಇವರು ಯಾರು ಎಂದು ಅವಳನ್ನು ಕೇಳಿದರು. ನನ್ನ ಕನ್ನಡ, ನನ್ನ ಸರ್ವೀಸು, ನಮ್ಮ ಮನೆತನ ಎಲ್ಲ ಹೇಳುತ್ತಾಳೇನೋ ಎಂದು ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ.

"ಇವ್ರಾ? ಶಹಾಬಾದಿನ ಮಾಸ್ತರ" ಅಂದಳು ಭೀಮಬಾಯಿ. "ಚಲೋ ಮನಶ್ಯಾ. ನನ್ನ ಕೈಕೆಳಗ ಅದಾರ."

ನಾನು ಎಲ್ಲರಿಗೂ ಕೈ ಮುಗಿದೆ.